ಉರಿ ಮೇಲಿರಲಿ: ಮನೆಯ ಓಟಿಜಿಯಲ್ಲಿ ಬೌಮ್‌ಕೂಖೆನ್

ಜರ್ಮನಿಯ ಪದರದ ಕೇಕು ಅಂದರೆ ನಮ್ಮ ಬೇಕರಿಗಳಿಗೆ ಗೊತ್ತಿರುವುದು ಒಂದೇ, ಬ್ಲ್ಯಾಕ್ ಫಾರೆಸ್ಟ್. ಅದರ ಪದರಗಳು ಚಾಕುವಿನಿಂದ ಆದವು. ದಪ್ಪಗೆ ಒಂದು ಕೇಕು ಬೇಯಿಸಿ, ಅಡ್ಡಕ್ಕೆ ಮೂರು ಸೀಳಿ, ನಡುವೆ ಕ್ರೀಮು ಮೆತ್ತಿ ಮತ್ತೆ ಜೋಡಿಸಿದರೆ ಆಯಿತು. ನಾನೀಗ ಹೇಳಹೊರಟಿರುವ ಕೇಕಿನ ಪದರಗಳಿಗೆ ಚಾಕು ಮುಟ್ಟುವುದೇ ಇಲ್ಲ. ಅವು ಬೆಂಕಿಯಲ್ಲಿ ಆಗುವಂಥವು. ಒಂದು ಸೌಟು ಹಿಟ್ಟು ಹುಯ್ದು ಕೆಂಪಗೆ ಬೇಯಿಸುವುದು, ಬೆಂದದ್ದರ ಮೇಲೆ ಇನ್ನೊಂದು ಸೌಟು ಹುಯ್ಯುವುದು, ಅದನ್ನೂ ಬೇಯಿಸುವುದು. ಹೀಗೆ ಹದಿನೈದು ಸಲ.

ಇದರ ಹೆಸರು ಬೌಮ್‌ಕೂಖೆನ್. ಬೌಮ್ ಎಂದರೆ ಮರ, ಕೂಖೆನ್ ಎಂದರೆ ಕೇಕು. (ಆ ‘ಖೆ’ ನಮ್ಮ ಖರ್ಚಿನ ಖ ಅಲ್ಲ, ಗಂಟಲು ಕೆರೆದುಕೊಂಡಂತೆ ಬರುವ ಹಕಾರ. ತಿನ್ನುವುದಕ್ಕೆ ಅದೇನೂ ಅಡ್ಡಿಯಲ್ಲ.) ಕತ್ತರಿಸಿದಾಗ ಕಡಿದ ಮರದ ಬೊಡ್ಡೆಯಲ್ಲಿ ಕಾಣುವಂಥ ಸುತ್ತುಗಳು ಕಾಣುತ್ತವೆ, ಅದಕ್ಕೇ ಈ ಹೆಸರು. ಜರ್ಮನ್ ಮಿಠಾಯಿಗಾರರು ಇದನ್ನು ಕೇಕುಗಳ ರಾಜ ಎನ್ನುತ್ತಾರೆ. ಅವರ ಸಂಘದ ಲಾಂಛನದಲ್ಲೂ ಇದೇ ಇದೆ.

ಅಂಗಡಿಯವರು ಇದನ್ನು ಮಾಡುವ ರೀತಿ ಬೇರೆ. ಅಡ್ಡಲಾಗಿ ನಿಲ್ಲಿಸಿದ ಉದ್ದನೆಯ ಉರುಳೆ, ಅದರ ಪಕ್ಕದಲ್ಲಿ ಸಾಲಾಗಿ ಉರಿಯುವ ಜ್ವಾಲೆ. ಉರುಳೆ ತಿರುಗುತ್ತಿದ್ದಂತೆ ಸೌಟಿನಿಂದ ತೆಳು ಹಿಟ್ಟು ಸುರಿಯುತ್ತಾರೆ, ಅಂಟಿಕೊಂಡದ್ದು ಬೇಯುತ್ತದೆ, ಮತ್ತೆ ಸುರಿಯುತ್ತಾರೆ. ಜ್ವಾಲೆ ಸದಾ ಹೊಸ ಪದರಕ್ಕೇ ತಾಗುತ್ತಿರುತ್ತದೆ, ಒಳಗಿನ ಹಳೆಯ ಪದರಗಳು ಅದರ ಮರೆಯಲ್ಲಿ ಮೆತ್ತಗೆ ಉಳಿಯುತ್ತವೆ. ಉತ್ತರ ಜರ್ಮನಿಯ ಸಾಲ್ಟ್ಸ್‌ವೇಡೆಲ್ ಎಂಬ ಸಣ್ಣ ಊರು ಇದಕ್ಕೇ ಹೆಸರುವಾಸಿ. ಅಲ್ಲಿನ ಬೌಮ್‌ಕೂಖೆನ್ ಹೆಸರಿಗೆ ಯುರೋಪಿಯನ್ ಒಕ್ಕೂಟದ ಭೌಗೋಳಿಕ ಮಾನ್ಯತೆ ಇದೆ. ಮೈಸೂರು ಮಲ್ಲಿಗೆಗೂ ಧಾರವಾಡ ಪೇಡೆಗೂ ನಮ್ಮಲ್ಲಿ ಇರುವಂಥದ್ದೇ ಮಾನ್ಯತೆ.

ಮನೆಯಲ್ಲಿ ಉರುಳೆ ತಿರುಗಿಸುವ ಸಾಹಸ ಬೇಡ. ಓಟಿಜಿಯ ಜೊತೆ ಕೋಳಿ ಸುಡಲೆಂದು ಕೊಡುವ ತಿರುಗುಕೋಲಿಗೆ ಹಿಟ್ಟು ಸುರಿದು ನೋಡೋಣ ಅಂತ ನನಗೂ ಒಮ್ಮೆ ಅನ್ನಿಸಿತ್ತು. ಅರ್ಧ ಹಿಟ್ಟು ಕೆಳಗಿನ ಕಂಬಿಗೆ ಸೋರಿ ಸುಟ್ಟು, ಮನೆಯೆಲ್ಲ ಹೊಗೆಯಾಗಿ, ತಟ್ಟೆ ಉಜ್ಜಲು ಎರಡು ದಿನ ಹಿಡಿಯಿತು. ಜರ್ಮನಿಯ ಗೃಹಿಣಿಯರೂ ಉರುಳೆಯ ತಂಟೆಗೆ ಹೋಗುವವರಲ್ಲ. ಅವರು ದುಂಡು ಟಿನ್ನಿನಲ್ಲೇ ಪದರದ ಮೇಲೆ ಪದರ ಬೇಯಿಸುತ್ತಾರೆ. ಸುತ್ತುಗಳ ಬದಲು ಅಡ್ಡಗೆರೆಗಳು ಬರುತ್ತವೆ, ಅಷ್ಟೇ ವ್ಯತ್ಯಾಸ. ರುಚಿ ಅದೇ.

ಕಾರವಾರದ ಆಂಟಿ ಹೇಳಿದ್ದು

ಟಿನ್ನಿನ ದಾರಿ ಹಿಡಿದ ಮೇಲೂ ನನ್ನ ಮೊದಲ ಕೇಕು ಕೆಟ್ಟಿತು. ಎಲ್ಲ ಕೇಕಿಗೆ ಇಡುವಂತೆ ಮೇಲಿನ ಕಂಬಿ, ಕೆಳಗಿನ ಕಂಬಿ ಎರಡನ್ನೂ ಹಾಕಿ 180 ಡಿಗ್ರಿಗೆ ಇಟ್ಟಿದ್ದೆ. ಒಂದೊಂದು ಪದರಕ್ಕೂ ಎಂಟೊಂಬತ್ತು ನಿಮಿಷ ಹಿಡಿಯಿತು. ಹದಿನೈದನೆಯ ಪದರ ಕೆಂಪಾಗುವ ಹೊತ್ತಿಗೆ ಕೆಳಗಿನ ನಾಲ್ಕು ಪದರ ರಸ್ಕಿನಂತಾಗಿದ್ದವು. ನಮ್ಮತ್ತೆ ಅದನ್ನು ಕಾಫಿಗೆ ಅದ್ದಿಕೊಂಡು ತಿಂದು, “ಬ್ರೆಡ್ಡು ಚೆನ್ನಾಗಿದೆ ಕಣೇ” ಅಂದರು.

ಪಕ್ಕದ ಮನೆಯಲ್ಲಿ ಕಾರವಾರದ ಕಡೆಯ ಕ್ರಿಶ್ಚಿಯನ್ ಕುಟುಂಬವಿದೆ. ಆ ಮನೆಯ ಆಂಟಿಗೆ ಒಂದು ಚೂರು ಕೊಟ್ಟೆ. ಅವರು ಅದನ್ನು ತಿರುಗಿಸಿ ಅಡಿಭಾಗ ನೋಡಿದವರೇ, “ಕೆಳಗೆ ಯಾಕಮ್ಮ ಬೆಂಕಿ ಹಾಕಿದ್ದು? ಬೆಬಿಂಕಕ್ಕೆ ಕೆಂಡ ಮೇಲೆ ಇಡಬೇಕು” ಅಂದರು. ಅವರ ಮಟ್ಟಿಗೆ ಅದು ಬೆಬಿಂಕಾವೇ, ತೆಂಗಿನಹಾಲು ಹಾಕುವುದನ್ನು ನಾನು ಮರೆತಿದ್ದೆ ಅಷ್ಟೆ.

ಗೋವಾದಲ್ಲೂ ಕಾರವಾರದ ಕೆಲವು ಮನೆಗಳಲ್ಲೂ ಕ್ರಿಸ್‌ಮಸ್‌ಗೆ ಮಾಡುವ ಬೆಬಿಂಕಾ ಹೀಗೇ ಆಗುವುದು. ತೆಂಗಿನಹಾಲು, ಮೊಟ್ಟೆಯ ಹಳದಿ, ಸಕ್ಕರೆ, ಮೈದಾ ಕಲಸಿದ ಹಿಟ್ಟನ್ನು ಒಂದು ಪದರ ಹುಯ್ದು, ಮುಚ್ಚಳದ ಮೇಲೆ ತೆಂಗಿನ ಸಿಪ್ಪೆಯ ಕೆಂಡ ಹರಡಿ ಬೇಯಿಸುತ್ತಾರೆ. ಕೆಂಪಾದ ಮೇಲೆ ತುಪ್ಪ ಸವರಿ ಮುಂದಿನ ಪದರ. ಡಚ್ಚರ ಕಾಲದ ಇಂಡೋನೇಷ್ಯಾದಲ್ಲಿ ಬೆಳೆದ ಲಾಪಿಸ್ ಲೆಗಿಟ್ ಕೂಡ ಇದೇ ಜಾಡಿನದು. ಇವು ಒಂದರಿಂದ ಒಂದು ಹುಟ್ಟಿದವು ಅಂತ ನಾನು ಹೇಳುತ್ತಿಲ್ಲ. ಉರಿ ಎತ್ತ ಕಡೆಯಿಂದ ಬರಬೇಕು ಎನ್ನುವ ತಿಳಿವಳಿಕೆ ಮಾತ್ರ ಮೂರಕ್ಕೂ ಒಂದೇ. ಉರಿ ಹೊಸ ಪದರಕ್ಕೆ ನೇರವಾಗಿ ತಾಗಬೇಕು, ಹಳೆಯದನ್ನು ಮತ್ತೆ ಬೇಯಿಸಬಾರದು. ಜರ್ಮನ್ ಉರುಳೆ ಮಾಡುವುದೂ ಇದನ್ನೇ. ಈ ಒಂದು ವಿಷಯ ತಲೆಗೆ ಹೋದ ಮೇಲೆ ಉಳಿದದ್ದೆಲ್ಲ ತೂಕ ಮತ್ತು ತಾಳ್ಮೆಯ ಲೆಕ್ಕ.

ಸಾಮಾನು

20 ಸೆಂಟಿಮೀಟರ್ ಅಗಲದ ದುಂಡು ಟಿನ್ನಿಗೆ ಬೇಕಾದದ್ದು ಇಷ್ಟು: ಉಪ್ಪಿಲ್ಲದ ಬೆಣ್ಣೆ 180 ಗ್ರಾಂ, ಪುಡಿ ಸಕ್ಕರೆ 180 ಗ್ರಾಂ, ಒಡೆದ ಮೊಟ್ಟೆ 300 ಗ್ರಾಂ, ಮೈದಾ 90 ಗ್ರಾಂ, ಕಾರ್ನ್‌ಫ್ಲೋರ್ 60 ಗ್ರಾಂ, ಬಾದಾಮಿ ಪುಡಿ 60 ಗ್ರಾಂ, ರಮ್ ಎರಡು ದೊಡ್ಡ ಚಮಚ, ವೆನಿಲ್ಲಾ ಒಂದು ಸಣ್ಣ ಚಮಚ, ಒಂದು ನಿಂಬೆಹಣ್ಣಿನ ಹಳದಿ ಸಿಪ್ಪೆಯ ತುರಿ, ಒಂದು ಚಿಟಿಕೆ ಉಪ್ಪು. ಮೇಲೆ ಸವರಲು ಏಪ್ರಿಕಾಟ್ ಜಾಮ್ ನಾಲ್ಕು ಚಮಚ, ಕಪ್ಪು ಚಾಕೊಲೇಟ್ 200 ಗ್ರಾಂ.

ಮೊಟ್ಟೆಯನ್ನು ಎಣಿಸಬೇಡಿ, ತೂಗಿ. ಪಾಕವಿಧಾನಗಳಲ್ಲಿ ‘ಆರು ಮೊಟ್ಟೆ’ ಎಂದು ಬರೆದಿರುವುದು ಯುರೋಪಿನ ದಪ್ಪ ಮೊಟ್ಟೆಗಳ ಲೆಕ್ಕದಲ್ಲಿ. ನಮ್ಮ ಅಂಗಡಿಯ ಮೊಟ್ಟೆ ಸಣ್ಣದಿದ್ದರೆ ಏಳು ಬೇಕಾಗುತ್ತದೆ. ಈ ತೂಕದ ವಿಷಯದಲ್ಲಿ ಜರ್ಮನ್ನರು ತಮಾಷೆ ಮಾಡುವುದಿಲ್ಲ. ಬೌಮ್‌ಕೂಖೆನ್ ಎಂದು ಹೆಸರಿಟ್ಟು ಮಾರುವುದಕ್ಕೆ ಅಲ್ಲಿನ ಆಹಾರ ಸಂಹಿತೆಯಲ್ಲೇ ಅಳತೆ ಇದೆ. 100 ಕೆ.ಜಿ. ಹಿಟ್ಟು ಮತ್ತು ಪಿಷ್ಟಕ್ಕೆ ಕನಿಷ್ಠ 100 ಕೆ.ಜಿ. ಬೆಣ್ಣೆ, 200 ಕೆ.ಜಿ. ಮೊಟ್ಟೆ ಇರಬೇಕು, ಬೇಕಿಂಗ್ ಪೌಡರ್ ಇರಕೂಡದು. ಮೇಲಿನ ಲೆಕ್ಕ ನೋಡಿ: 150 ಗ್ರಾಂ ಹಿಟ್ಟಿಗೆ 300 ಗ್ರಾಂ ಮೊಟ್ಟೆ. ಬೆಣ್ಣೆ ನಾನೇ ಸ್ವಲ್ಪ ಜಾಸ್ತಿ ಇಟ್ಟಿದ್ದೇನೆ.

ಬೇಕಿಂಗ್ ಪೌಡರ್ ಯಾಕೆ ಬೇಡ ಅಂದರೆ, ಇಲ್ಲಿ ಪ್ರತಿ ಪದರವೂ ಎರಡೂವರೆ ಮಿಲಿಮೀಟರ್ ದಪ್ಪ. ಅದು ಉಬ್ಬಿದರೆ ಗೆರೆ ನೆಟ್ಟಗೆ ನಿಲ್ಲುವುದಿಲ್ಲ, ಗುಳ್ಳೆ ಎದ್ದು ಮೇಲಿನ ಪದರ ಕೆಳಗಿನದಕ್ಕೆ ಅಂಟುವುದಿಲ್ಲ. ಬೇಕಾದ ಹಗುರವನ್ನು ಮೊಟ್ಟೆಯ ನೊರೆಯೇ ಕೊಡುತ್ತದೆ. ಮೊಟ್ಟೆ ತಿನ್ನದವರು ಕೇಳುತ್ತಾರೆಂದು ಈಗಲೇ ಹೇಳಿಬಿಡುತ್ತೇನೆ. ಹಿಟ್ಟಿನ ಮೂರನೇ ಒಂದು ಪಾಲು ಮೊಟ್ಟೆಯೇ ಆಗಿರುವ ಕೇಕಿನಿಂದ ಮೊಟ್ಟೆ ತೆಗೆದು ಮೊಸರು ಹಾಕಿದರೆ ಬರುವುದು ಬೇರೆ ತಿಂಡಿ. ಚೆನ್ನಾಗಿಯೂ ಇರಬಹುದು, ಆದರೆ ಅದಕ್ಕೆ ಬೇರೆ ಹೆಸರಿಡಿ.

ಕಾರ್ನ್‌ಫ್ಲೋರ್ ಎಂದರೆ ಸೂಪಿಗೆ ಹಾಕುವ, ಮುಟ್ಟಿದರೆ ಕಿರುಗುಟ್ಟುವ ಬಿಳಿ ಪುಡಿ. ಹಳದಿ ಮೆಕ್ಕೆಜೋಳದ ಹಿಟ್ಟಲ್ಲ. ಮೈದಾದ ಅಂಟನ್ನು ಇದು ಕಡಿಮೆ ಮಾಡುತ್ತದೆ, ಕೇಕು ಬಾಯಲ್ಲಿ ನಯವಾಗಿ ಮುರಿಯುತ್ತದೆ. ಬಾದಾಮಿ ಪುಡಿಯ ಜಾಗದಲ್ಲಿ ಜರ್ಮನ್ನರು ಸಾಮಾನ್ಯವಾಗಿ ಮಾರ್ಜಿಪಾನ್ ಹಾಕುತ್ತಾರೆ, ಅಂದರೆ ಬಾದಾಮಿ ಮತ್ತು ಸಕ್ಕರೆ ಅರೆದ ಕಣಕ. ಸಿಕ್ಕರೆ 100 ಗ್ರಾಂ ಹಾಕಿ, ಬಾದಾಮಿ ಪುಡಿಯನ್ನು ಬಿಟ್ಟು ಸಕ್ಕರೆಯನ್ನು 40 ಗ್ರಾಂ ಇಳಿಸಿ. ಸಿಗದಿದ್ದರೆ ಬಾದಾಮಿಯನ್ನು ಬಿಸಿನೀರಿನಲ್ಲಿ ಐದು ನಿಮಿಷ ಬಿಟ್ಟು ಸಿಪ್ಪೆ ಸುಲಿದು, ಬಟ್ಟೆಯ ಮೇಲೆ ಪೂರ್ತಿ ಒಣಗಿಸಿ, ಅಳತೆಯ ಸಕ್ಕರೆಯಿಂದಲೇ ಎರಡು ಚಮಚ ಸೇರಿಸಿ ಮಿಕ್ಸಿಯಲ್ಲಿ ನಿಲ್ಲಿಸಿ ನಿಲ್ಲಿಸಿ ತಿರುಗಿಸಿ. ಒಂದೇ ಸಮ ತಿರುಗಿಸಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ.

ಬೆಣ್ಣೆಗೆ ಬದಲು ತುಪ್ಪ ಆಗುವುದಿಲ್ಲವೇ? ಬೇಯುತ್ತದೆ, ಆದರೆ ತುಪ್ಪದ ಪರಿಮಳ ನಿಂಬೆ, ರಮ್, ಬಾದಾಮಿ ಎಲ್ಲವನ್ನೂ ನುಂಗಿಹಾಕಿ ಮೈಸೂರುಪಾಕಿನ ತಮ್ಮನಂತೆ ಬಂದು ಕೂರುತ್ತದೆ. ಮನೆಯಲ್ಲಿ ಕಡೆದ ಬೆಣ್ಣೆಯಲ್ಲಿ ನೀರಿನಂಶ ಹೆಚ್ಚು, ಅದೂ ಬೇಡ. ರಮ್ ಬೇಡದವರು ಅಷ್ಟೇ ಕಿತ್ತಳೆ ರಸ ಹಾಕಲಿ.

ಹಿಟ್ಟು

ಬೆಣ್ಣೆ ಬೆರಳು ಒತ್ತಿದರೆ ಗುಳಿ ಬೀಳುವಷ್ಟು ಮೆತ್ತಗಿರಬೇಕು, ಹೊಳೆಯಬಾರದು. ಬೆಂಗಳೂರಿನ ಡಿಸೆಂಬರಿನಲ್ಲಿ ಇದಕ್ಕೆ ಒಂದು ಗಂಟೆ ಬೇಕು. ರಾಯಚೂರಿನ ಏಪ್ರಿಲ್‌ನಲ್ಲಿ ಫ್ರಿಜ್‌ನಿಂದ ತೆಗೆದು ಸಕ್ಕರೆ ತೂಗುವಷ್ಟರಲ್ಲೇ ಆಗಿಹೋಗಿರುತ್ತದೆ. ಮುಕ್ಕಾಲು ಪಾಲು ಸಕ್ಕರೆಯೊಂದಿಗೆ ಬೆಣ್ಣೆಯನ್ನು ಬಿಳಿಚಿಕೊಳ್ಳುವ ತನಕ ಬೀಟರ್‌ನಲ್ಲಿ ಕಲಕಿ, ಐದಾರು ನಿಮಿಷ. ಮೊಟ್ಟೆಯ ಹಳದಿ, ಬಿಳಿ ಬೇರ್ಪಡಿಸಿ, ಹಳದಿಗಳನ್ನು ಒಂದೊಂದಾಗಿ ಹಾಕಿ. ಎಲ್ಲ ಒಟ್ಟಿಗೆ ಸುರಿದರೆ ಒಡೆದ ಹಾಲಿನಂತಾಗುತ್ತದೆ. ಆಮೇಲೆ ಬಾದಾಮಿ ಪುಡಿ, ರಮ್, ವೆನಿಲ್ಲಾ, ನಿಂಬೆ ಸಿಪ್ಪೆ.

ಬಿಳಿಯನ್ನು ಜಿಡ್ಡಿಲ್ಲದ ಪಾತ್ರೆಯಲ್ಲಿ ಉಪ್ಪು ಹಾಕಿ ನೊರೆ ಬರಿಸಿ, ಉಳಿದ ಸಕ್ಕರೆಯನ್ನು ಸ್ವಲ್ಪ ಸ್ವಲ್ಪವೇ ಸೇರಿಸುತ್ತಾ ಹೋಗಿ. ಬೀಟರ್ ಎತ್ತಿದರೆ ನೊರೆಯ ತುದಿ ನಿಂತು ಕೊಂಚ ಬಾಗಬೇಕು. ಇನ್ನೂ ಗಟ್ಟಿ ಮಾಡುವ ಆಸೆ ಬೇಡ. ಕಲ್ಲಿನಂತಾದ ನೊರೆ ಹಿಟ್ಟಿನಲ್ಲಿ ಗಂಟುಗಂಟಾಗಿ ಉಳಿಯುತ್ತದೆ, ತೆಳ್ಳಗೆ ಹರಡುವುದಿಲ್ಲ. ನೊರೆಯ ಕಾಲುಭಾಗವನ್ನು ಬೆಣ್ಣೆಯ ಮಿಶ್ರಣಕ್ಕೆ ಧಾರಾಳವಾಗಿಯೇ ಕಲಸಿ ಸಡಿಲ ಮಾಡಿಕೊಳ್ಳಿ. ಉಳಿದ ನೊರೆಯನ್ನೂ, ಒಟ್ಟಿಗೆ ಜರಡಿ ಹಿಡಿದ ಮೈದಾ-ಕಾರ್ನ್‌ಫ್ಲೋರನ್ನೂ ಎರಡು ಕಂತಿನಲ್ಲಿ, ತಳದಿಂದ ಮೇಲಕ್ಕೆ ಮಗುಚುತ್ತಾ ಸೇರಿಸಿ. ಇಡ್ಲಿ ಹಿಟ್ಟಿಗಿಂತ ದಪ್ಪ, ವಡೆ ಹಿಟ್ಟಿಗಿಂತ ತೆಳು, ಮುಟ್ಟಿದರೆ ರೇಷ್ಮೆಯಂತಿರುವ ಹಿಟ್ಟು ಸಿದ್ಧವಾಗುತ್ತದೆ.

ಈ ಹಿಟ್ಟು ಒಂದು ಗಂಟೆಗೂ ಹೆಚ್ಚು ಕಾಯಬೇಕು. ಆದ್ದರಿಂದ ಪಾತ್ರೆಯನ್ನು ಓಟಿಜಿಯ ಪಕ್ಕ ಇಡದೆ ತಣ್ಣಗಿರುವ ಕಡೆ ಇಡಿ. ಪ್ರತಿ ಸಲ ಸೌಟು ಅದ್ದುವಾಗ ತಿರುವಬೇಡಿ, ಅಂಚಿನಿಂದ ಎತ್ತಿಕೊಳ್ಳಿ. ಕೊನೆಯ ಮೂರು ಪದರದ ಹಿಟ್ಟು ಸ್ವಲ್ಪ ಇಳಿದಿರುತ್ತದೆ, ತಿನ್ನುವವರಿಗೆ ಗೊತ್ತಾಗುವುದಿಲ್ಲ.

ಹದಿನೈದು ಸಲ

ತಳ ಬಿಚ್ಚುವ ಟಿನ್ನು ಒಳ್ಳೆಯದು. ತಳಕ್ಕೆ ಬಟರ್ ಪೇಪರ್ ಹಾಕಿ, ಪಕ್ಕಕ್ಕೆ ತೆಳುವಾಗಿ ಬೆಣ್ಣೆ ಸವರಿ. ಹೊರಗಿನಿಂದ ಒಂದು ಸುತ್ತು ಅಲ್ಯೂಮಿನಿಯಂ ಫಾಯಿಲ್ ಸುತ್ತಿದರೆ ಬೆಣ್ಣೆ ಸೋರುವ ಭಯವಿಲ್ಲ.

ಓಟಿಜಿಯಲ್ಲಿ ಮೇಲಿನ ಕಂಬಿ ಮಾತ್ರ ಉರಿಯುವಂತೆ ಗುಂಡಿ ತಿರುಗಿಸಿ, ಉಷ್ಣತೆಯನ್ನು ಕೊನೆಯ ಗೆರೆಗೆ ಇಡಿ, 230 ಇರಲಿ 250 ಇರಲಿ. ಇದಕ್ಕೆ ಕಾರಣವಿದೆ. 180ಕ್ಕೆ ಇಟ್ಟರೆ ಒಳಗಿನ ಗಾಳಿ ಅಷ್ಟು ಬಿಸಿಯಾದೊಡನೆ ಥರ್ಮೋಸ್ಟಾಟ್ ಕಂಬಿಯನ್ನು ಆರಿಸಿಬಿಡುತ್ತದೆ. ನಮಗೆ ಬೇಕಿರುವುದು ಬಿಸಿ ಗಾಳಿಯಲ್ಲ, ಕೆಂಪಾದ ಕಂಬಿಯಿಂದ ನೇರವಾಗಿ ಇಳಿಯುವ ಝಳ, ಅಂದರೆ ಆಂಟಿ ಹೇಳಿದ ಕೆಂಡ. ಕಂಬಿ ಆರಿದ್ದರೆ ಕೆಂಡ ಆರಿದಂತೆಯೇ. ಹತ್ತು ನಿಮಿಷ ಕಾಯಿಸಿ, ಕಂಬಿ ಕೆಂಪಗೆ ಕಾಣುತ್ತಿರುವಾಗಲೇ ಟಿನ್ನು ಒಳಗಿಡಿ. ಗ್ರಿಲ್ ಇರುವ ಮೈಕ್ರೋವೇವ್‌ನಲ್ಲೂ ಆಗುತ್ತದೆ, ಆದರೆ ಬರೀ ಗ್ರಿಲ್ ಹಾಕಿ. ಗ್ರಿಲ್ ಮತ್ತು ಮೈಕ್ರೋವೇವ್ ಕೂಡಿದ ‘ಕಾಂಬಿ’ಯಲ್ಲಿ ಲೋಹದ ಟಿನ್ನು ಇಡುವುದು ಅಪಾಯ.

ಹಿಟ್ಟಿನ ಒಟ್ಟು ತೂಕ 900 ಗ್ರಾಂ ಆಸುಪಾಸು. ಪದರಕ್ಕೆ 60 ಗ್ರಾಂ ಹಾಕಿದರೆ ಹದಿನೈದು ಪದರ. ಮೊದಲ ಸಲ ಟಿನ್ನನ್ನು ತಕ್ಕಡಿಯ ಮೇಲಿಟ್ಟೇ ಹುಯ್ಯಿರಿ. ನಿಮ್ಮ ಮನೆಯ ಸಾರಿನ ಸೌಟಿಗೆ ಎಷ್ಟು ಹಿಡಿಯುತ್ತದೆಂದು ಗೊತ್ತಾದ ಮೇಲೆ ತಕ್ಕಡಿ ಬೇಕಿಲ್ಲ. ಮೊದಲ ಪದರ ತಣ್ಣನೆಯ ಟಿನ್ನಿನಲ್ಲಿ ಹರಡುವುದೇ ಇಲ್ಲ, ಚಮಚದ ಬೆನ್ನಿನಿಂದ ಅಂಚಿನ ತನಕ ಎಳೆಯಬೇಕು. ಅದಕ್ಕೆ ಐದಾರು ನಿಮಿಷ ಹಿಡಿಯುತ್ತದೆ. ಎರಡನೆಯದರಿಂದ ಕೆಲಸ ಸಲೀಸು. ಬಿಸಿ ತಾಗಿದ ಬೆಣ್ಣೆ ಕರಗಿ ಹಿಟ್ಟು ತಾನಾಗಿ ಜಾರುತ್ತದೆ, ಟಿನ್ನನ್ನು ಬಟ್ಟೆಯಲ್ಲಿ ಹಿಡಿದು ಆಚೀಚೆ ಓಲಾಡಿಸಿದರೆ ಸಾಕು. ಒಂದೊಂದಕ್ಕೆ ಮೂರರಿಂದ ನಾಲ್ಕು ನಿಮಿಷ.

“ಇದೇನೇ, ದೋಸೆ ಮೇಲೆ ದೋಸೆ ಹುಯ್ತಾ ಇದೀಯ?” ಎಂದು ನಮ್ಮತ್ತೆ ಕೇಳಿದ್ದು ಐದನೇ ಪದರದ ಹೊತ್ತಿಗೆ. ಬಣ್ಣದ ಅಳತೆಯೂ ದೋಸೆಯದೇ. ಚೆನ್ನಾಗಿ ಕೆಂಪಾದ ಖಾಲಿ ದೋಸೆಯ ಬಣ್ಣ ಬರಬೇಕು. ಬೆಂದಿದೆ, ಆದರೆ ಇನ್ನೂ ಹಳದಿಯಾಗಿದೆ ಅನ್ನುವಾಗ ತೆಗೆದರೆ ಕತ್ತರಿಸಿದಾಗ ಗೆರೆಯೇ ಕಾಣದೆ ಇಷ್ಟೆಲ್ಲ ಮಾಡಿದ್ದು ಸಾದಾ ಕೇಕಾಗಿ ಹೋಗುತ್ತದೆ. ಕಂದು ಮೀರಿ ಕಪ್ಪಿಗೆ ತಿರುಗಿದರೆ ಕಹಿ, ಜೊತೆಗೆ ಆ ಗೆರೆಯಲ್ಲೇ ಕೇಕು ಎರಡು ಹೋಳಾಗುತ್ತದೆ. ಗುಳ್ಳೆ ಎದ್ದರೆ ಕಡ್ಡಿಯಿಂದ ಚುಚ್ಚಿ ಒತ್ತಿಬಿಡಿ. ಓಟಿಜಿಯ ಕಂಬಿಗಳು ಎರಡೇ ಸಾಲಾದ್ದರಿಂದ ಅವುಗಳ ನೇರಕ್ಕೆ ಇರುವ ಭಾಗ ಬೇಗ ಕೆಂಪಾಗುತ್ತದೆ. ಪ್ರತಿ ಪದರಕ್ಕೂ ಟಿನ್ನನ್ನು ಕಾಲು ಸುತ್ತು ತಿರುಗಿಸಿಡುವ ರೂಢಿ ಮಾಡಿಕೊಳ್ಳಿ.

ಪುಸ್ತಕಗಳು ಹೇಳದ ಒಂದು ಮಾತಿದೆ. ಕೇಕು ಬೆಳೆದಂತೆ ಅದರ ಮೇಲ್ಮೈ ಕಂಬಿಗೆ ಹತ್ತಿರವಾಗುತ್ತಾ ಹೋಗುತ್ತದೆ. ಹತ್ತನೇ ಪದರ ದಾಟಿದ ಮೇಲೆ ನಾಲ್ಕು ನಿಮಿಷದ ಕೆಲಸ ಎರಡೂವರೆಗೇ ಮುಗಿದಿರುತ್ತದೆ. ನನ್ನ ಎರಡನೇ ಕೇಕಿನ ಹನ್ನೊಂದನೇ ಪದರ ಸುಟ್ಟದ್ದು ಹೀಗೆಯೇ. ಅದುವರೆಗೆ ನಾಲ್ಕು ನಿಮಿಷಕ್ಕೆ ಅಲಾರಂ ಇಟ್ಟು ಫೋನಿನಲ್ಲಿ ಅಕ್ಕನ ಜೊತೆ ಮಾತಾಡಿಕೊಂಡಿದ್ದೆ. ಜಾಲರಿಯ ಮಟ್ಟ ಇಳಿಸುವ ಅನುಕೂಲವಿದ್ದರೆ ಹತ್ತರ ಹೊತ್ತಿಗೆ ಅದನ್ನು ಒಂದು ಮೆಟ್ಟಿಲು ಕೆಳಗಿಡಿ. ಇಲ್ಲದಿದ್ದರೆ ಗಾಜಿನ ಮುಂದೆ ಮಣೆ ಹಾಕಿಕೊಂಡು ಕೂತು ನೋಡಿ. ಸುಟ್ಟೇಬಿಟ್ಟಿತೆನ್ನಿ, ಗಾಬರಿಯಾಗಬೇಡಿ. ಆ ಒಂದು ಪದರದ ಕಪ್ಪನ್ನು ಚಾಕುವಿನ ಮೊಂಡು ಬದಿಯಿಂದ ಕೆರೆದು, ಮುಂದಿನ ಪದರವನ್ನು ಸ್ವಲ್ಪ ದಪ್ಪ ಹುಯ್ದು ಮುಂದುವರಿಸಿ.

ನಡುವೆ ಕರೆಂಟು ಹೋದರೂ ಈ ಕೇಕಿಗೆ ಅಷ್ಟು ಚಿಂತೆಯಿಲ್ಲ. ಬೇರೆ ಕೇಕಾದರೆ ನಡುವೆ ತಗ್ಗಿ ಕೂತುಬಿಡುತ್ತದೆ. ಇದರಲ್ಲಿ ಬೆಂದ ಪದರ ಬೆಂದಾಗಿದೆ, ಬೇಯಬೇಕಾದ್ದು ಪಾತ್ರೆಯಲ್ಲಿದೆ. ಅರ್ಧ ಗಂಟೆ ಮುಚ್ಚಿಟ್ಟು ಕಾದರೂ ನಡೆಯುತ್ತದೆ. ಕರೆಂಟು ಬಿಲ್ಲಿನ ಲೆಕ್ಕ ಕೇಳುವವರಿಗೆ: 1500 ವ್ಯಾಟ್‌ನ ಓಟಿಜಿಯಲ್ಲಿ ಮೇಲಿನ ಕಂಬಿ ಮಾತ್ರ ಒಂದೂಕಾಲು ಗಂಟೆ ಉರಿದರೆ ಹೆಚ್ಚುಕಡಿಮೆ ಒಂದು ಯೂನಿಟ್.

ಓವನ್ನೇ ಇಲ್ಲದವರಿಗೆ ಜಪಾನಿನ ಮನೆಗಳಲ್ಲಿ ಒಂದು ಉಪಾಯವಿದೆ. ಮೊಟ್ಟೆ ಸುರುಳಿ ಮಾಡುವ ಚೌಕ ಬಾಣಲೆಯಲ್ಲಿ ತೆಳು ಹಿಟ್ಟು ಹರಡಿ, ಬೆಂದ ಮೇಲೆ ಸುರುಳಿ ಸುತ್ತಿ, ಅದರ ಸುತ್ತ ಮತ್ತೊಂದು, ಮತ್ತೊಂದು. ಸುತ್ತುಗಳು ನಿಜವಾಗಿ ಮರದಂತೆಯೇ ಬರುತ್ತವೆ. ನಾನ್‌ಸ್ಟಿಕ್ ಕಾವಲಿಯಲ್ಲೂ ಪ್ರಯತ್ನಿಸಬಹುದು, ಆದರೆ ಅದಕ್ಕೆ ಹಾಲು ಸೇರಿಸಿದ ಬೇರೆ ಹಿಟ್ಟು ಬೇಕು, ಈ ಬೆಣ್ಣೆಯ ಹಿಟ್ಟು ಕಾವಲಿಯ ಮೇಲೆ ಹರಿದುಹೋಗುತ್ತದೆ.

ಜಪಾನು ಎಲ್ಲಿಂದ ಬಂತು

ಇವತ್ತು ಬೌಮ್‌ಕೂಖೆನ್ ಹುಚ್ಚು ಜರ್ಮನಿಗಿಂತ ಜಪಾನಿನಲ್ಲೇ ಹೆಚ್ಚು. ಕಾರ್ಲ್ ಯುಹೈಮ್ ಎಂಬ ಜರ್ಮನ್ ಮಿಠಾಯಿಗಾರ ಚೀನಾದ ಛಿಂಗ್‌ಟಾವ್‌ನಲ್ಲಿ ಅಂಗಡಿ ಇಟ್ಟಿದ್ದ. ಆ ಊರು ಆಗ ಜರ್ಮನರ ವಶದಲ್ಲಿತ್ತು. ಮೊದಲ ಮಹಾಯುದ್ಧದಲ್ಲಿ ಜಪಾನ್ ಅದನ್ನು ಗೆದ್ದುಕೊಂಡು ಅವನನ್ನು ಸೆರೆಯಾಳಾಗಿ ಒಯ್ದಿತು. ಹಿರೋಷಿಮಾ ಬಳಿಯ ದ್ವೀಪವೊಂದರ ಶಿಬಿರದಲ್ಲಿದ್ದಾಗ, 1919ರ ಮಾರ್ಚ್ 4ರಂದು, ಹಿರೋಷಿಮಾ ಊರಿನ ಪ್ರದರ್ಶನ ಭವನದಲ್ಲಿ ಸೆರೆಯಾಳುಗಳು ಮಾಡಿದ ವಸ್ತುಗಳ ಪ್ರದರ್ಶನ ನಡೆಯಿತು. ಯುಹೈಮ್ ಅಲ್ಲಿ ಬೌಮ್‌ಕೂಖೆನ್ ಮಾಡಿ ಇಟ್ಟ. ಆ ಭವನದ ಅಸ್ಥಿಪಂಜರವನ್ನು ನಾವೆಲ್ಲ ಚಿತ್ರಗಳಲ್ಲಿ ನೋಡಿದ್ದೇವೆ. 1945ರ ಬಾಂಬಿನ ನಂತರ ಗುಮ್ಮಟದಲ್ಲಿ ಕಂಬಿಗಳು ಮಾತ್ರ ಉಳಿದು ಇಂದಿಗೂ ನಿಂತಿರುವ ಕಟ್ಟಡ ಅದೇ.

ಬಿಡುಗಡೆಯಾದ ಮೇಲೂ ಅವನು ಜಪಾನಿನಲ್ಲೇ ಉಳಿದ. ಯೊಕೊಹಾಮಾದಲ್ಲಿ ತೆರೆದ ಅಂಗಡಿ 1923ರ ಭೂಕಂಪದಲ್ಲಿ ನೆಲಕ್ಕೆ ಬಿತ್ತು. ಕೋಬೆಗೆ ಹೋಗಿ ಮತ್ತೆ ಶುರುಮಾಡಿದ. ಅವನು ತೀರಿಕೊಂಡದ್ದು 1945ರ ಆಗಸ್ಟ್ 14ರಂದು, ಚಕ್ರವರ್ತಿ ರೇಡಿಯೋದಲ್ಲಿ ಶರಣಾಗತಿ ಸಾರಿದ ಹಿಂದಿನ ದಿನ. ಅವನ ಹೆಸರಿನ ಸಂಸ್ಥೆ ಈಗಲೂ ಇದೆ, ಮಾರ್ಚ್ 4 ಅಲ್ಲಿ ಬೌಮ್‌ಕೂಖೆನ್ ದಿನ. ಮದುವೆಗೆ ಬಂದ ನೆಂಟರಿಗೆ ನಾವು ತೆಂಗಿನಕಾಯಿ, ಎಲೆ-ಅಡಿಕೆ ಹಾಕಿದ ಚೀಲ ಕೊಟ್ಟು ಕಳಿಸುವಂತೆ ಜಪಾನೀಯರು ಇದನ್ನು ಪೆಟ್ಟಿಗೆಯಲ್ಲಿಟ್ಟು ಕೊಡುತ್ತಾರೆ. ಮರಕ್ಕೆ ವರ್ಷಕ್ಕೊಂದು ಸುತ್ತು ಕೂಡುವ ಹಾಗೆ ದಂಪತಿಗಳ ಬಾಳೂ ಬೆಳೆಯಲಿ ಅಂತ.

ಜಾಮು, ಚಾಕೊಲೇಟು, ಚಾಕು

ಕೊನೆಯ ಪದರ ಕೆಂಪಾದ ಮೇಲೆ ಕಡ್ಡಿ ಚುಚ್ಚಿ ನೋಡುವ ಅಗತ್ಯವಿಲ್ಲ, ಬೇಯಲು ಏನೂ ಉಳಿದಿರುವುದಿಲ್ಲ. ಕಾಲು ಗಂಟೆ ಟಿನ್ನಿನಲ್ಲೇ ಬಿಟ್ಟು, ಅಂಚಿನ ಸುತ್ತ ಚಾಕು ಆಡಿಸಿ ಬಿಡಿಸಿ, ತಟ್ಟೆಯ ಮೇಲೆ ಕವುಚಿ ಕಾಗದ ತೆಗೆಯಿರಿ. ಎತ್ತರ ಮೂರೂವರೆ ಸೆಂಟಿಮೀಟರ್ ಬಂದಿರುತ್ತದೆ. ನೋಡಿದರೆ ಏನೂ ವಿಶೇಷವಿಲ್ಲದ ಚಪ್ಪಟೆ ಕೇಕು. ತಕ್ಷಣ ಕತ್ತರಿಸುವ ಕೈಯನ್ನು ತಡೆದುಕೊಳ್ಳಿ, ಬಿಸಿಯಲ್ಲಿ ಪದರಗಳು ಒಂದರ ಮೇಲೊಂದು ಜಾರುತ್ತವೆ. ಪೂರ್ತಿ ಆರಿದ ಮೇಲೆ ಜಾಮನ್ನು ಒಂದು ಚಮಚ ನೀರಿನೊಂದಿಗೆ ಕುದಿಸಿ, ಸೋಸಿ, ಬಿಸಿಯಿರುವಾಗಲೇ ಬ್ರಷ್‌ನಿಂದ ಮೇಲೂ ಬದಿಗೂ ಸವರಿ. ಏಪ್ರಿಕಾಟ್ ಜಾಮ್ ಸಿಗದಿದ್ದರೆ ಜರ್ದಾಲು ಹಣ್ಣನ್ನು ರಾತ್ರಿ ನೆನೆಸಿ, ಬೀಜ ತೆಗೆದು, ಸಕ್ಕರೆ ಹಾಕಿ ಬೇಯಿಸಿ ಅರೆದುಕೊಳ್ಳಿ, ಅಂಗಡಿಯದಕ್ಕಿಂತ ಹುಳಿ-ಸಿಹಿ ಚೆನ್ನಾಗಿರುತ್ತದೆ. ಕೆಂಪು ಮಿಕ್ಸೆಡ್ ಫ್ರೂಟ್ ಜಾಮ್ ಮಾತ್ರ ಬೇಡ. ಅದರ ರುಚಿ ನಮ್ಮನ್ನು ನೇರ ಶಾಲೆಯ ಟಿಫಿನ್ ಡಬ್ಬಿಗೆ ಕರೆದೊಯ್ಯುತ್ತದೆ.

ಜಾಮು ಒಣಗಲು ಒಂದು ಗಂಟೆ ಬಿಡಿ. ಚಾಕೊಲೇಟು ಕೊಳ್ಳುವಾಗ ‘ಕಾಂಪೌಂಡ್’ ಎಂದು ಬರೆದಿರುವುದನ್ನು ಬಿಟ್ಟು, ಕೋಕೋ ಬಟರ್ ಇರುವುದನ್ನು ತೆಗೆದುಕೊಳ್ಳಿ. ಕಾಂಪೌಂಡ್‌ನಲ್ಲಿ ಬೇರೆ ಸಸ್ಯ ಕೊಬ್ಬು ಇರುತ್ತದೆ, ನಾಲಿಗೆಯ ಮೇಲೆ ಮೇಣದಂತೆ ನಿಲ್ಲುತ್ತದೆ. ಜರ್ಮನ್ ನಿಯಮದಲ್ಲೂ ಬೌಮ್‌ಕೂಖೆನ್‌ಗೆ ಅಂಥ ಲೇಪ ಸಲ್ಲದು. ಕಷ್ಟವೆಂದರೆ ನಿಜವಾದ ಚಾಕೊಲೇಟನ್ನು ಸುಮ್ಮನೆ ಕರಗಿಸಿ ಸುರಿದರೆ ಬಿಳಿ ಬಿಳಿ ಮಚ್ಚೆ ಬರುತ್ತದೆ. ಮೂರರಲ್ಲಿ ಎರಡು ಪಾಲನ್ನು ಬಿಸಿನೀರಿನ ಪಾತ್ರೆಯ ಮೇಲಿಟ್ಟು 45 ಡಿಗ್ರಿಯಷ್ಟಕ್ಕೆ ಕರಗಿಸಿ. ಕೆಳಗಿಳಿಸಿ, ಉಳಿದ ಒಂದು ಪಾಲನ್ನು ಚೂರು ಮಾಡಿ ಸೇರಿಸಿ, ಕಲಕುತ್ತಾ 31-32 ಡಿಗ್ರಿಗೆ ಇಳಿಸಿ. ಥರ್ಮಾಮೀಟರ್ ಇಲ್ಲದಿದ್ದರೆ ತುಟಿಯ ಕೆಳಗೆ ಒಂದು ತೊಟ್ಟು ತಾಗಿಸಿ ನೋಡಿ, ಬಿಸಿಯೂ ಅಲ್ಲದೆ ತಂಪು ಅನ್ನಿಸುವ ಅಂಚಿನಲ್ಲಿದ್ದರೆ ಸರಿ. ನೀರಿನ ಒಂದು ಹನಿ ಬಿದ್ದರೂ ಚಾಕೊಲೇಟು ಗಟ್ಟಿಯಾಗಿ ಮುದ್ದೆ ಕಟ್ಟುತ್ತದೆ, ಎಚ್ಚರ. ಬೇಸಿಗೆಯಲ್ಲಿ ಅಡುಗೆಮನೆಯೇ 33 ಡಿಗ್ರಿ ಇರುವ ಊರಿನವರು ಈ ಗೋಜೇ ಬೇಡವೆಂದು ಪುಡಿ ಸಕ್ಕರೆಗೆ ನಿಂಬೆರಸ ಕಲಸಿದ ಬಿಳಿ ಲೇಪ ಹಾಕಲಿ. ಜರ್ಮನಿಯಲ್ಲೂ ಬಿಳಿ ಲೇಪದ ಬೌಮ್‌ಕೂಖೆನ್ ಇದ್ದೇ ಇದೆ.

ಇನ್ನೊಂದು ದಾರಿ ಇದೆ, ನನಗೆ ಅದೇ ಹೆಚ್ಚು ಇಷ್ಟ. ಲೇಪ ಹಾಕುವ ಮೊದಲೇ ಕೇಕನ್ನು ಎರಡು ಬೆರಳು ಅಗಲದ ಪಟ್ಟಿಗಳಾಗಿ ಕತ್ತರಿಸಿ, ಪ್ರತಿ ಪಟ್ಟಿಯನ್ನು ಓರೆಯಾಗಿ ತ್ರಿಕೋನದ ತುಂಡು ಮಾಡಿ, ಒಂದೊಂದನ್ನೇ ಫೋರ್ಕಿನಿಂದ ಚಾಕೊಲೇಟಿನಲ್ಲಿ ಅದ್ದಿ ಬಟರ್ ಪೇಪರಿನ ಮೇಲೆ ಇಡುವುದು. ಇದಕ್ಕೆ ಬೌಮ್‌ಕೂಖೆನ್ ಸ್ಪಿಟ್ಸೆನ್ ಎನ್ನುತ್ತಾರೆ, ಅಂದರೆ ಬೌಮ್‌ಕೂಖೆನ್ ತುದಿಗಳು. ಚಾಕೊಲೇಟು ಇಮ್ಮಡಿ ಬೇಕಾಗುತ್ತದೆ, ಆದರೆ ನಾಲ್ಕೂ ಕಡೆ ಮುಚ್ಚಿರುವುದರಿಂದ ಕೇಕಿನ ತೇವ ಹೊರಗೆ ಹೋಗದೆ ಗಾಳಿಯಾಡದ ಡಬ್ಬಿಯಲ್ಲಿ ತಂಪಾದ ಕಡೆ ವಾರದಷ್ಟು ದಿನ ಉಳಿಯುತ್ತದೆ. ಹೇಗೂ ಮೊದಲ ದಿನ ತಿನ್ನಬೇಡಿ. ಒಂದು ರಾತ್ರಿ ಕಳೆದ ಮೇಲೆ ಬೆಣ್ಣೆ, ಬಾದಾಮಿ, ರಮ್ ಒಂದಕ್ಕೊಂದು ಹೊಂದಿಕೊಳ್ಳುತ್ತವೆ.

ಇಡೀ ಕೇಕಿಗೇ ಲೇಪ ಹಾಕಿದ್ದರೆ ಉದ್ದನೆಯ ಚಾಕುವನ್ನು ಬಿಸಿನೀರಿನಲ್ಲಿ ಅದ್ದಿ, ಒರೆಸಿ, ಒತ್ತದೆ ಎಳೆದು ಕತ್ತರಿಸಿ. ಹೋಳು ದಪ್ಪ ಬೇಡ, ಅರ್ಧ ಬೆರಳು ಸಾಕು. ಮೂರನೇ ಸಲ ಮಾಡಿದ್ದನ್ನು ಹೀಗೆ ಕತ್ತರಿಸಿ ಆಂಟಿಯ ಮನೆಗೆ ಒಯ್ದಾಗ ಅವರು ತಿನ್ನುವ ಮೊದಲು ಹೋಳನ್ನು ಕಿಟಕಿಯ ಬೆಳಕಿಗೆ ಹಿಡಿದು ಗೆರೆ ಎಣಿಸಿದರು. ಹದಿನಾಲ್ಕು ಬಂತು. ಇನ್ನೊಮ್ಮೆ ಎಣಿಸಿದರು, ಆಗಲೂ ಹದಿನಾಲ್ಕೇ. ಸುಟ್ಟ ಪದರ ಯಾವುದೂ ಇರಲಿಲ್ಲವಲ್ಲ ಅಂತ ಮನೆಗೆ ಬಂದು ನೋಡಿದರೆ, ಅಡುಗೆಕಟ್ಟೆಯ ಮೂಲೆಯಲ್ಲಿ ಪಾತ್ರೆ ಇತ್ತು. ಮಗ ಅದರ ಅಂಚನ್ನು ಬೆರಳಿನಿಂದ ಬಳಿದು ಬಳಿದು ಅದಾಗಲೇ ಫಳಫಳ ಮಾಡಿಟ್ಟಿದ್ದ.